ಮಾವನ್ನ ಇರಾನಿ ಗಂಬಳಿ ಮ್ಯಾಲೆ ಕುಂದ್ರಿಸಿದ ಕತಿ

ಎಲ್ಲಾರ ಮನಿಗೂ ಸಾಮಾನು ಬರ್ತಾವ. ಫ್ರಿಜ್ ಬರ್ತೈತಿ, ಟೀವಿ ಬರ್ತೈತಿ, ಬಂದು ತಮ್ಮ ಪಾಡಿಗೆ ತಾವು ಒಂದು ಮೂಲ್ಯಾಗ ಇರ್ತಾವ. ನಮ್ಮ ಮನಿಗೆ ಮಾತ್ರ ಏನರ ಬರಬೇಕಂದ್ರ ನಾಕು ಊರು ಸುತ್ತಿಸಿ, ನಾಕು ಮಂದಿ ಮುಂದ ನಗೆಪಾಟ್ಲು ಮಾಡಿಸೇ ಬರ್ತೈತಿ. ನಾನು ಕೊಟ್ಟೂರಾಗ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯೋಳು. "ಅಕ್ಕಾ, ಆ ಗಂಬಳಿ ಕತಿ ಇನ್ನೊಮ್ಮೆ ಹೇಳ್ರಿ" ಅಂತ ಗಿರಾಕಿಗಳು ಗಂಟು ಬೀಳ್ತಾರ. ಹೇಳ್ತೀನಿ. ಕತಿ ಕೇಳಿ ನಗಾಡಿ, ತಮ್ಮ ಬ್ಲೌಸ್ ಇನ್ನೂ ಯಾಕ ಆಗಿಲ್ಲ ಅಂತ ಕೇಳೂದು ಮರತು ಹೋಗ್ತಾರ. ನನಗೂ ಅನುಕೂಲನ ಆತು.

ನಮ್ಮ ಮನಿಯವ್ರು ಹೈಸ್ಕೂಲಿನ್ಯಾಗ ಚರಿತ್ರಿ ಪಾಠ ಮಾಡಿ ರಿಟೈರಾದ ಮೇಷ್ಟ್ರು. ಅವ್ರಪ್ಪ, ಅಂದ್ರ ನಮ್ಮ ಮಾವ, ಕೂಡ್ಲಿಗ್ಯಾಗ ಒಬ್ರು ಸಾವ್ಕಾರ್ರ ಬಂಗ್ಲೆದಾಗ ನಲವತ್ತು ವರ್ಷ ಆಳಾಗಿದ್ರು. ಆ ಬಂಗ್ಲೆ ಹಾಲಿನ್ಯಾಗ ಇರಾನ್ ದೇಶದ ಹಳೇ ರತ್ನಗಂಬಳಿ ಒಂದು ಹಾಸಿತ್ತಂತ. ಕೆಂಪು ನೆಲ, ತುಂಬ ಬಳ್ಳಿ, ಹೂವು. ವಾರಕ್ಕೊಮ್ಮೆ ಅದನ್ನ ಹಿತ್ತಲ ಗ್ವಾಡಿ ಮ್ಯಾಲೆ ಹಾಕಿ ಬೆತ್ತದಿಂದ ಬಡದು ಧೂಳು ತೆಗಿಯೂದು ಮಾವನ ಕೆಲಸ. ನಮ್ಮ ಮನಿಯವ್ರು ಸಣ್ಣೋರಿದ್ದಾಗ ಬುತ್ತಿ ಕೊಡಾಕ ಹೋಗಿ ಅದರ ಅಂಚಿಗೆ ಕಾಲು ತಾಗಿಸಿದ್ರ ಸಾಕು, ಮಾವ ಕಿವಿ ಹಿಡದು ಹೊರಗ ಹಾಕ್ತಿದ್ರಂತ.

ಅದು ಇವ್ರ ಮನಸ್ಸಿನ್ಯಾಗ ಹಂಗ ಕುಂತುಬಿಟ್ಟಿತ್ತು. ರಿಟೈರಾದ ಮರುದಿನ ನನ್ನ ಮಷಿನ್ ಮುಂದ ಕುರ್ಚಿ ಹಾಕ್ಕಂಡು ಹೇಳಿದ್ರು: "ನಮ್ಮಪ್ಪ ನಲವತ್ತು ವರ್ಷ ಅದನ್ನ ಜಾಡಿಸಿದ. ಒಂದಿನಾನೂ ಅದರ ಮ್ಯಾಲೆ ಕುಂದ್ರಲಿಲ್ಲ. ಅಂಥಾದ್ದ ಒಂದು ಹಳೇ ಇರಾನಿ ಗಂಬಳಿ ತಂದು, ನಮ್ಮ ಹಾಲಿನ್ಯಾಗ ಹಾಸಿ, ಅಪ್ಪನ್ನ ಕುಂದ್ರಿಸಿ ಚಾ ಕೊಡಬೇಕು. ಅಷ್ಟ ಆಸಿ ನಂದು."

ಆಸಿ ಸಣ್ಣದನ. ಆದ್ರ ಮಾವಗ ಎಂಬತ್ತಾರು ವರ್ಷ. ಮೊಣಕಾಲು ದಿನಾ ಅಷ್ಟಷ್ಟ ಬಿಗಿ ಆಗಾಕತ್ತಿದ್ವು. ಅವು ಪೂರ್ತಿ ಮಡಚದಂಗ ಆಗೂದ್ರೊಳಗ ಗಂಬಳಿ ಮನಿ ಸೇರಬೇಕು. ಅದೂ ಮಾವಗ ಗೊತ್ತಾಗಬಾರದು. ಗೊತ್ತಾದ್ರ "ಹುಚ್ಚು ಹಿಡದೈತೇನಲೇ" ಅಂತ ಬೈದು ಬಿಡಿಸಿಬಿಡ್ತಾರ.

ಹಡಗಲಿ ಶಾಸನ

ಮೊದಲ ಸುದ್ದಿ ಹಡಗಲಿಯಿಂದ ಬಂತು. ಒಬ್ಬಾಕಿ ಗಿರಾಕಿ, "ಅಕ್ಕಾ, ನಮ್ಮ ತವರುಮನಿ ಓಣ್ಯಾಗ ಒಬ್ಬ ಮುದುಕಿ ಅದಾಳ. ಟ್ರಂಕಿನ್ಯಾಗ ಭಾಳ ಹಳೇ ಗಂಬಳಿ ಇಟ್ಟಾಳ. ಯಾರಿಗೂ ತೋರಸಂಗಿಲ್ಲ" ಅಂದ್ಲು. ಯಾರಿಗೂ ತೋರಸಂಗಿಲ್ಲ ಅಂದಕೂಡ್ಲೆ ನಮ್ಮ ಮನಿಯವ್ರು ಎದ್ದು ನಿಂತ್ರು. ಶಾಸನ ಓದಾಕ ಇಟ್ಟಿದ್ದ ಭೂತಗನ್ನಡಿ ಜೋಬಿನ್ಯಾಗ ಹಾಕ್ಕಂಡು, ನನ್ನೂ ಎಳಕಂಡು ಬಸ್ ಹತ್ತಿದ್ರು.

ಮುದುಕಿ ಭಾಳ ಹೊತ್ತು ಒಲ್ಲೆ ಅಂದ್ಲು. ಆಮ್ಯಾಲೆ ಬೀದಿ ಬಾಗ್ಲಾ ಹಾಕಿ, ಅಗಳಿ ಜಡದು, ಟ್ರಂಕು ತಗದ್ಲು. ಗುಪ್ಪನೆ ನುಸಿಗುಳಿಗಿ ವಾಸ್ನಿ. ಒಳಗ ದಪ್ಪಂದು, ಕೆಂಪು ನೀಲಿ ಪಟ್ಟಿದು, ಮಡಚಿ ಇಟ್ಟದ್ದು. ನನಗ ನೋಡಿದ್ಕೂಡ್ಲೆ ಅದು ಹತ್ತಿ ಜಮಖಾನ ಅಂತ ಗೊತ್ತಾತು. ಬಟ್ಟಿ ನನ್ನ ಕಸುಬಲ್ಲೇನ್ರಿ? ಆದ್ರ ನಮ್ಮ ಮನಿಯವ್ರು ಆಗ್ಲೇ ನೆಲಕ್ಕ ಮೊಣಕಾಲೂರಿ, ಮೂಲಿಗೆ ಭೂತಗನ್ನಡಿ ಹಿಡದಿದ್ರು.

"ಲೇ, ಅಕ್ಷರ ಅದಾವು ನೋಡಿಲ್ಲಿ! ಹಳೇ ಗಂಬಳಿಗೆ ನೇಯ್ದೋರು ತಮ್ಮ ಹೆಸ್ರು ಹಾಕ್ತಿದ್ರು!" ಮಾಸಿದ ಅಕ್ಷರ ಒಂದೊಂದ ಕೂಡಿಸಿ ಓದಿದ್ರು. "ಬಾ... ಡಿ... ಗೆ... ಸಾ... ಮಾ... ನು."

ಅದರ ಕೆಳಗ ಯಾವುದೋ ಟೆಂಟ್ ಹೌಸಿನ ಹೆಸ್ರು, ಬಣ್ಣದಾಗ ಬರದಿತ್ತು. ನಾನು ಸೆರಗು ಬಾಯಿಗೆ ಒತ್ತಿಕ್ಯಂಡೆ. ಇವ್ರು ಕನ್ನಡಿ ಇಳಿಸಿ, "ಅಲ್ಲಬೇ ಅಜ್ಜಿ, ಭಾಳ ಹಳೇದು ಅಂದ್ಯಲ್ಲ?" ಅಂದ್ರು.

ಮುದುಕಿ ಸಿಟ್ಟಾದ್ಲು. "ನನ್ನ ಮಗಳ ಲಗ್ನಕ್ಕ ತಂದದ್ದಪಾ. ಕೇಳಾಕ ಬಂದಾರು ಅಂತ ಇವತ್ತಿನತನ ಹೆದರಿಕ್ಯಂಡ ಇಟ್ಟೀನಿ. ಈಗ ಆಕಿ ಮೊಮ್ಮಗಳ ಲಗ್ನ ಗೊತ್ತಾಗೈತಿ. ಇನ್ನ ಎಷ್ಟು ಹಳೇದು ಬೇಕು ನಿನಗ?"

ತಪ್ಪು ತೆಗದ ಮೇಷ್ಟ್ರು

ಎರಡನೇದು ಹಗರಿಬೊಮ್ಮನಹಳ್ಳ್ಯಾಗ. ಹಳೇ ಮಂಚ, ಬೀರು ಮಾರೋ ಅಂಗಡ್ಯಾಗ ಒಂದು ಗಂಬಳಿ ನೇತು ಹಾಕಿದ್ರು. ನಾ ಹೊರಗ ನಿಂತ ನೋಡಿದೆ. ಉಣ್ಣಿದು, ಕೈಲೆ ಗಂಟು ಹಾಕಿ ನೇಯ್ದದ್ದು, ಚೆಂದಿತ್ತು. ಒಳಗ ಹೋಗೂ ಮುಂಚೆ ಇವ್ರಿಗೆ ಬುದ್ಧಿ ಹೇಳಿದೆ: "ಆಸಿ ತೋರಸಬ್ಯಾಡ್ರಿ. ತೋರಿಸಿದ್ರ ಅಂವ ರೇಟು ಏರಿಸ್ತಾನ. ಬರೇ ತಪ್ಪು ತೆಗೀರಿ."

ಪರೀಕ್ಷಾ ಪೇಪರ್ ತಿದ್ದಿ ತಿದ್ದಿ ತಪ್ಪು ಹುಡುಕೂದ ಕಸುಬಾದ ಮನುಷಾಗ ಇದನ್ನ ಹೇಳಿದ್ದ ನನ್ನ ತಪ್ಪು. ಅಂಚು ಸವದೈತಿ ಅಂದ್ರು. ಬಣ್ಣ ಇಳದೈತಿ ಅಂದ್ರು. ಎಡಗಡೆ ಹೂವಿಗೆ ಐದು ಎಸಳು, ಬಲಗಡೆದಕ್ಕ ಆರು, ನೇಯ್ದಾಂವಗ ಲೆಕ್ಕನ ಬರ್ತಿದ್ದಿಲ್ಲ ಅಂದ್ರು. ಅಂಗಡಿಯಾಂವ ಕೈ ಕಟ್ಟಿಕ್ಯಂಡು ಎಲ್ಲದಕ್ಕೂ ಹೌದ್ರಿ, ಹೌದ್ರಿ ಅಂದ.

ಕಡೀಕೆ ಇವ್ರು, "ಇರ್ಲಿ ಬಿಡು, ಎಷ್ಟಕ್ಕ ಕೊಡ್ತಿ ಹೇಳು" ಅಂದ್ರು.

"ಕೊಡಂಗಿಲ್ಲರಿ ಸರ್" ಅಂದ ಅಂವ. "ನಾ ನಿಮ್ಮ ಕೈಯಾಗ ಓದಿದಾಂವ. ಚರಿತ್ರಿದಾಗ ಫೇಲಾಗೋನನ್ನ ನೀವ ಪಾಸ್ ಮಾಡೀರಿ. ಇಷ್ಟು ತಪ್ಪಿರೋ ಮಾಲು ನಿಮಗ ಕೊಟ್ರ ನನಗ ಒಳ್ಳೇದಾದೀತೇನ್ರಿ?"

ಇವ್ರು ಗಾಬರಿ ಆದ್ರು. "ಏ, ಇಲ್ಲಪಾ, ಚಲೋ ಐತಿ! ನಾ ಸುಮ್ನ ಅಂದೆ!"

"ನಂದು ವ್ಯಾಪಾರ ಆಗ್ಲಂತ ಹಂಗಂತೀರಿ. ನಿಮ್ದು ದೊಡ್ಡ ಮನಸ್ಸು ಸರ್" ಅಂತ ಕಾಲು ಮುಟ್ಟಿ ನಮಸ್ಕಾರ ಮಾಡಿ, ಚಾ ಕುಡಿಸಿ, ಬಸ್ ಸ್ಟ್ಯಾಂಡಿನ ಮಟ ಬಂದು ಹತ್ತಿಸಿ ಹೋದ. ಮರುವಾರ ಆ ಗಂಬಳಿ ಯಾರೋ ಡಾಕ್ಟ್ರ ಮನಿ ಸೇರಿತಂತ ಕೇಳಿದ್ವಿ.

ಅವತ್ತ ಬಸ್ಸಿನ್ಯಾಗ ಇವ್ರು ಕಿಟಕಿ ಹೊರಗ ನೋಡ್ಕಂತ ಕುಂತಿದ್ರು. ಕೊಟ್ಟೂರು ಹತ್ರ ಬಂದಾಗ ಒಂದ ಮಾತು ಆಡಿದ್ರು: "ಅವನ್ನ ಅವತ್ತ ಫೇಲ್ ಮಾಡಬೇಕಿತ್ತು."

ಹುಣಸಿಬೀಜದ ಗಂಜಿ

ಮೂರನೇದು ಮಾತ್ರ ಕೈಗೆ ಬಂತು. ಹರಪನಹಳ್ಳ್ಯಾಗ ಒಬ್ರು ಹಳೇ ವಕೀಲ್ರ ಮನಿಯೋರು ಮನಿ ಖಾಲಿ ಮಾಡಾಕತ್ತಿದ್ರು. "ನಮ್ಮ ಮುತ್ತಾತ ಇರಾನಿನೋರ ಹತ್ರ ತಗಂಡಿದ್ದಂತೆ, ನೋಡ್ರಿ, ಹಿಂಗೈತೆ" ಅಂತ ಬಿಚ್ಚಿ ತೋರಿಸಿದ್ರು. ಸಣ್ಣದು, ಆದ್ರ ಮುಟ್ಟಿದ್ರ ಕುರಿಮರಿ ಮೈ ಮುಟ್ಟಿದಂಗಿತ್ತು. ಈ ಸಲ ಇವ್ರು ಬಾಯಿ ಮುಚ್ಚಿಕ್ಯಂಡು ತಗಂಡ್ರು. ಪುಣ್ಯಾತ್ಮ, ಒಂದ ಒಂದು ತಪ್ಪೂ ತೆಗೀಲಿಲ್ಲ.

ಒಂದು ಮೂಲಿ ಅಷ್ಟ ಹರದಿತ್ತು. ನನ್ನ ಬ್ಲೌಸ್ ಸೂಜಿಗೆ ಆ ದಪ್ಪ ಬಗ್ಗಂಗಿಲ್ಲ. ಗುಡೇಕೋಟೆ ಹತ್ರ ಇವ್ರಿಗೆ ಗುರ್ತಿನ ಒಬ್ಬ ಕಂಬಳಿ ನೇಯೋ ಅಣ್ಣ ಇದ್ದ. ಉಣ್ಣಿ ಕೆಲಸಕ್ಕ ಅವನ್ನ ಬಿಟ್ರ ಮತ್ಯಾರೂ ಇಲ್ಲ ಅಂತ ಅಲ್ಲಿ ಕೊಟ್ಟು ಬಂದ್ವಿ. ಮಾವನ ಕಣ್ಣಿಂದನೂ ದೂರ ಇದ್ದಂಗಾತು.

ಎಂಟು ದಿನ ಬಿಟ್ಟು ಹೋದ್ರ, ನಮ್ಮ ಗಂಬಳಿ ಅವನ ಮನಿ ಮುಂದ ಬಿಸಲಾಗ ನಿಂತಿತ್ತು. ನೇತು ಹಾಕಿದ್ದಿಲ್ಲ ಮತ್ತ, ನಿಂತಿತ್ತು! ಗ್ವಾಡಿಗೆ ಹಲಗಿ ಆನಿಸಿದಂಗ, ತನ್ನಷ್ಟಕ್ಕ ತಾನ ನಿಂತಿತ್ತು.

ಅಣ್ಣ ಹಿಗ್ಗಿನಿಂದ ಓಡಿ ಬಂದ. "ಮೂಲಿ ಹೊಲದೀನ್ರಿ ಮೇಷ್ಟ್ರ. ಆದ್ರ ನೇಯ್ದಾಂವ ಭಾಳ ಮೋಸ ಮಾಡಿದ್ದ. ಗಂಜೀನ ಹಾಕಿದ್ದಿಲ್ಲ! ಪಾಪ, ಮೆತ್ತಗ ಹೆಣದಂಗ ಬಿದ್ದಿತ್ತು. ಹುಣಸಿಬೀಜ ಹುರದು, ಬೀಸಿ, ಗಂಜಿ ಕಾಸಿ, ಎರಡು ಸಲ ಕುಡಿಸೀನಿ. ನಾ ನನ್ನ ಮಗಳ ಲಗ್ನದ ಕಂಬಳಿಗೂ ಒಂದ ಸಲ ಕುಡಿಸಿದ್ದು."

ಬೈಯಾಕ ಬಾಯೇ ಬರಲಿಲ್ಲ ನಮಗ. ಅಷ್ಟು ಪ್ರೀತಿಲೆ ಮಾಡಿದ್ದ. ಇವ್ರು ಮೆಲ್ಲಕ, "ಅಣ್ಣಾ, ಇದು ಮೆತ್ತಗ ಇರಬೇಕಾಗಿತ್ತೋ" ಅಂದ್ರು. ಅವನ ಮುಖ ಬಾಡಿತು. "ಅಯ್ಯ, ಅಷ್ಟನ? ತಗದು ಕೊಡ್ತೀನಿ ತಡೀರಿ" ಅಂದವನ ಹಂಡೇದಾಗ ನೀರು ಕುದಿಸಿ, ಸೋಡಾಪುಡಿ ಸುರುವಿ, ನಾವು ಬ್ಯಾಡೋ ಬ್ಯಾಡೋ ಅನ್ನೂದ್ರಾಗ ಅದನ್ನ ಮುಳುಗಿಸೇಬಿಟ್ಟ.

ಹೊರಗ ತಗದ್ರ, ಕೆಂಪು ನೀಲ್ಯಾಗ ಹೋಗಿ, ನೀಲಿ ಹಸರಾಗ ಬಂದು, ಬಳ್ಳಿ ಇಲ್ಲ, ಹೂವಿಲ್ಲ, ಇಡೀ ಗಂಬಳಿ ಒಂದ ಕರಿಗಂದು ಬಣ್ಣ. ಅಣ್ಣ ಅದನ್ನ ಎರಡೂ ಕೈಲೆ ಎತ್ತಿ ಹಿಡದು ತಿರುಗಿಸಿ ನೋಡಿದ. ಅವನ ಮುಖ ಅರಳಿತು.

"ಈಗ ನೋಡ್ರಿ ಮೇಷ್ಟ್ರ, ಈಗ ಆತು ಕಂಬಳಿ!"

ನೂರು ವರ್ಷದ್ದು

ಅದಾದ ಮ್ಯಾಲೆ ಇವ್ರು ಗಂಬಳಿ ಮಾತ ಬಿಟ್ರು. ಒಂದಿನ ಮಾವ ಊಟಕ್ಕ ನೆಲಕ್ಕ ಕುಂದ್ರಾಕ ಹೋಗಿ, ಅರ್ಧಕ್ಕ ನಿಂತು, "ಕುರ್ಚಿ ತಾರವಾ" ಅಂದ್ರು. ಮಾವ ಕುರ್ಚಿ ಮ್ಯಾಲೆ ಊಟ ಮಾಡಿದ್ದು ಅವತ್ತ ಮೊದಲು. ನಮ್ಮ ಮನಿಯವ್ರು ತಾಟು ಹಂಗ ಬಿಟ್ಟು ಹಿತ್ತಲಿಗೆ ಹೋದ್ರು. ನಾ ಹಿಂದ ಹೋದ್ರ, ಕಣ್ಣಾಗ ನೀರು ತುಂಬ್ಕಂಡು ಕರಿಬೇವಿನ ಗಿಡದ ಎಲಿ ಸುಮ್ಸುಮ್ನ ಕೀಳಾಕತ್ತಿದ್ರು. "ತಡ ಆಗಿಬಿಡ್ತೈತೇನೋ" ಅಂದ್ರು.

ಮಧ್ಯಾಹ್ನ ಮಷಿನ್ ನಿಲ್ಲಿಸಿ ನಾನ ಫೋನಿನ್ಯಾಗ ಹುಡುಕಿದೆ. 'ಆಂಟಿಕ್ ಪರ್ಷಿಯನ್, ನೂರು ವರ್ಷ ಹಳೆಯದು' ಅಂತ ಬರದಿತ್ತು. ಕೆಂಪು ನೆಲ, ಬಳ್ಳಿ, ಹೂವು. ರೇಟು ನೋಡಿದ್ರ ನಾಕು ಬ್ಲೌಸಿನ ಮಜೂರಿ. ಅಲ್ಲೇ ನನಗ ಸಂಶೇ ಬರಬೇಕಿತ್ತು. ಬಂತು ಕೂಡ. ಆದ್ರೂ ಆರ್ಡರ್ ಒತ್ತಿದೆ.

ಐದು ದಿನಕ್ಕ ಬಂತು. ಬಿಚ್ಚಿ ಕೈಲೆ ಉಜ್ಜಿದೆ, ಪ್ಲಾಸ್ಟಿಕ್ ನೂಲು. ಒಳಗಿಂದ ಒಂದು ಚೀಟಿ ಉದುರಿತು: ಒಂದು ವರ್ಷದ ಗ್ಯಾರಂಟಿ. ನೂರು ವರ್ಷ ಬಾಳಿದ್ದು ಇನ್ನೊಂದು ವರ್ಷ ಬಾಳ್ತೈತೋ ಇಲ್ಲೋ ಅಂತ ಅವ್ರಿಗೇ ಚಿಂತಿ! ಚೀಟಿ ಹರದು ಬಟ್ಟಿ ಚೂರಿನ ಚೀಲಕ್ಕ ಹಾಕಿ, ಇವ್ರನ್ನ ಕರದೆ. ಇವ್ರು ನೋಡಿದ್ರು. ಭೂತಗನ್ನಡಿ ತರಲಿಲ್ಲ, ಏನಿಲ್ಲ. ಬಾಗಿ ಎರಡೂ ಕೈ ಅದರ ಮ್ಯಾಲೆ ಇಟ್ರು. ಖರೇ ಹೇಳಾಕ ನನಗ ಧೈರ್ಯ ಬರಲಿಲ್ಲ.

ಹಾಸಿದ್ವಿ. ಮಾವನ್ನ ಕೈ ಹಿಡದು ಕರಕಂಡು ಬಂದ್ವಿ. ಮಾವ ಅಂಚಿಗೇ ನಿಂತ್ರು. ನನ್ನ ಭುಜಾ ಹಿಡದು ಬಾಗಿ, ಒಂದು ಮೂಲಿ ಹೊಳ್ಳಿಸಿ ಬೆನ್ನು ನೋಡಿ, ಉಗುರಿಂದ ಕೆರದ್ರು. ಕಣ್ಣು ಮುಚ್ಚಿ ತೆಗಿಯೂದ್ರಾಗ ಮುಗೀತು ಪರೀಕ್ಷೆ.

"ಇದು ಮಷಿನ್ದು. ಗಂಟ ಇಲ್ಲ ಇದಕ್ಕ. ಯಾವ ಇರಾನಿದಲೇ ಇದು?"

ನಾಕು ಊರು ತಿರುಗಿ ಗಂಬಳಿ ಹುಡುಕಿದ್ವಿ. ಜೀವಮಾನ ಎಲ್ಲ ಇರಾನಿ ಗಂಬಳಿ ಜಾಡಿಸಿದ ಮನುಷಾ ನಮ್ಮ ಕಟ್ಟಿ ಮ್ಯಾಲೆ ಎಲಿ ಅಡಕಿ ಹಾಕ್ಕಂತ ಕುಂತಿದ್ರು, ಅವ್ರನ್ನ ಒಂದ ಮಾತು ಕೇಳಿದ್ದಿಲ್ಲ ನಾವು.

ನಮ್ಮ ಮನಿಯವ್ರ ಮುಖ ಬಿಳಿಚಿಕ್ಯಂತು. ತಡೀಲಾರ್ದ ಎಲ್ಲಾ ಹೇಳಿಬಿಟ್ರು. "ಅಪ್ಪಾ, ನೀ ನಲವತ್ತು ವರ್ಷ ಅದನ್ನ ಜಾಡಿಸಿದಿ. ಒಂದ ಸಲನೂ ಕುಂದ್ರಲಿಲ್ಲ. ನಿನ್ನ ಒಂದ ಸಲ ಕುಂದ್ರಿಸಬೇಕಂತ..."

ಮಾವ ಮಗನ್ನ ನೋಡಿದ್ರು, ನನ್ನ ನೋಡಿದ್ರು. ಆಮ್ಯಾಲೆ ನಗಾಕ ಹತ್ತಿದ್ರು, ಕೆಮ್ಮು ಬರೂತನ. ನಮ್ಮಿಬ್ರ ಭುಜಾ ಹಿಡದು, ಮೊಣಕಾಲು ಲಟಕ್ ಅನಿಸಿ, ಗಂಬಳಿ ಮ್ಯಾಲೆ ಕುಂತೇಬಿಟ್ರು. ಕಾಲು ಮಡಚಲಿಲ್ಲ. ಉದ್ದಕ್ಕ ಚಾಚಿದ್ರು.

"ನಾ ಅದರ ಮ್ಯಾಲೆ ಕುಂತಿಲ್ಲ ಅಂತ ಯಾವಾಂವ ಹೇಳಿದ ನಿನಗ? ಸಾವ್ಕಾರ್ರು ಬ್ಯಾಸಿಗಿ ತುಂಬ ಊಟಿ ಬೆಟ್ಟದಾಗ ಇರ್ತಿದ್ರು. ಕೀಲಿಕೈ ನನ್ನ ಹತ್ರ. ಎರಡು ತಿಂಗ್ಳು ನಾನೂ ನಿಮ್ಮವ್ವನೂ ಅದರ ಮ್ಯಾಲನ ಮಲಗತಿದ್ವಿ. ನಿಮ್ಮವ್ವ ಗ್ವಾಡಿಗೆ ಆನ್ಕಂಡು ಕುಂತು, ಅದರ ಮ್ಯಾಲನ ಶೇಂಗಾ ಬಿಡಸಾಕಿ. ರಾಣಿ ಕುಂತಂಗ ಕಾಣ್ತಿದ್ಲು." ಮಾವನ ಕಣ್ಣು ಒದ್ದಿ ಆದ್ವು. ಅತ್ತಿ ಹೋಗಿ ಹತ್ತು ವರ್ಷದ ಮ್ಯಾಲೆ ಅವ್ರ ಬಾಯಾಗ ಆಕಿ ಸುದ್ದಿ ಹಿಂಗ ಬಂದದ್ದನ್ನ ನಾ ಅವತ್ತ ಕೇಳಿದ್ದು.

ನಮ್ಮ ಮನಿಯವ್ರು ಅರವತ್ತೆರಡು ವರ್ಷದ ಮೇಷ್ಟ್ರು, ಸಣ್ಣ ಹುಡುಗನಂಗ ಕೇಳಿದ್ರು: "ಮತ್ತ ನನ್ನ ಯಾಕ ಕಿವಿ ಹಿಡದು ಹೊರಗ ಹಾಕ್ತಿದ್ದಿ?"

"ನೀ ಐದು ತಿಂಗ್ಳ ಕೂಸಿದ್ದಾಗ ನಿಮ್ಮವ್ವ ನಿನ್ನ ಅದರ ನಟ್ಟನಡುವ ಮಲಗಿಸಿದ್ಲು" ಅಂದ್ರು ಮಾವ. "ಅಂಗಾತ ಮಲಗಿ, ನಕ್ಕಂತ, ಅದರ ತುಂಬ ಉಚ್ಚಿ ಹೊಯ್ದಿ. ಆ ವಾಸ್ನಿ ಹೋಗ್ಲಂತ ನಲವತ್ತು ವರ್ಷ ಬಡದೀನಲೇ ಅದನ್ನ!"