ಜಗದೇವಪ್ಪ ಮಾಸ್ತರರ ಭೂತಗನ್ನಡಿ

ಇನ್ನು ಮೇಲೆ ತಮ್ಮ ಹೊಸ್ತಿಲೊಳಗೆ ತಾಳೆ ಎಣ್ಣೆಯ ಒಂದು ಹನಿಯೂ ಬರಕೂಡದೆಂದು ಶಹಾಪುರದ ವಿಜ್ಞಾನ ಮಾಸ್ತರ ಜಗದೇವಪ್ಪನವರು ಸೋಮವಾರ ಬೆಳಿಗ್ಗೆ ಘೋಷಿಸಿದರು. ಸಮುದ್ರದಾಚೆ ಆ ಎಣ್ಣೆಯ ಗಿಡ ನೆಡಲು ಮಳೆಕಾಡನ್ನೇ ಸುಟ್ಟು, ಮರದ ಮೇಲಿನ ಮಂಗಗಳನ್ನು ಬೀದಿಪಾಲು ಮಾಡಿದ್ದನ್ನು ಅವರು ಫೋನಿನಲ್ಲಿ ನೋಡಿದ್ದರು. ನೋಡಿ ಕಣ್ಣೀರೂ ಹಾಕಿದ್ದರು. ಇನ್ನು ಆ ಕಾಡು ಉಳಿದಂತೆಯೇ ಅನ್ನಿ!

ಶಾಲೆಯ ಭೂತಗನ್ನಡಿ ಹಿಡಿದು ಅಡುಗೆಮನೆಗೆ ದಾಳಿಯಿಟ್ಟರು. ಸಣ್ಣ ಅಕ್ಷರ ಓದಿ ಓದಿ ಬಿಸ್ಕೀಟು ಹೊರಗೆ ಹೋಯಿತು, ಸಾಬೂನು ಹೋಯಿತು, ಎಣ್ಣೆಯ ಪಾಕೀಟುಗಳೂ ಹೋದವು. ಓದದೆ ಮನೆಗೆ ಏನನ್ನೂ ತರಬಾರದೆಂದು ಹೆಂಡತಿ ಮಲಕಮ್ಮನಿಗೆ ಒಂದು ಪಿರಿಯಡ್ ಪಾಠವೂ ಆಯಿತು. ಸಾಬೂನಿಲ್ಲದ ಮಾಸ್ತರರು ಮೂರು ದಿನ ಕಡಲೆಹಿಟ್ಟು ತಿಕ್ಕಿಕೊಂಡು ಸ್ನಾನ ಮಾಡಿದರು. ಅದು ಗುರುವಾರ ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಬರುವ ಬೀಗರಿಗೆ ಮಿರ್ಚಿಭಜಿ ಮಾಡಲೆಂದು ಬೀಸಿಸಿಟ್ಟ ಹಿಟ್ಟು.

ಗುರುವಾರ ಮಲಕಮ್ಮ ಬರಿದಾದ ಬಾಣಲೆ ತಂದು ಮುಂದಿಟ್ಟಳು. ದೇವಾಪುರದಿಂದ ನಲವತ್ತು ಹೆಂಗಸರು ಹೊರಟಿದ್ದಾರೆ. ಭಜಿ ಇಲ್ಲದೆ ಕಳಿಸಿದರೆ ಮಗಳು ಅತ್ತೆಮನೆಯಲ್ಲಿ ಜೀವಮಾನವಿಡೀ ಆ ಮಾತು ಕೇಳಬೇಕು.

"ಹಿಟ್ಟು ನಿಮ್ಮ ಮೈಗೆ ಹೋತು, ಎಣ್ಣಿ ನಿಮ್ಮ ಮಂಗ್ಯಾಗೋಳಿಗೆ ಹೋತು. ಬೀಗರಿಗೆ ಏನು ನೀಡ್ಲಿ?"

"ಕುಸುಬಿ ಎಣ್ಣಿ ತರ್ತೀನಿ. ನಮ್ಮಪ್ಪ ಅದನ್ನ ತಿಂದು ತೊಂಬತ್ತು ವರ್ಷ ಬದುಕಿದ."

ಡಬ್ಬಿ ಹಿಡಿದು ಬೈಕ್ ಹತ್ತಿದ ಮಾಸ್ತರರಿಗೆ ಊರಿನ ಒಂದು ಅಂಗಡಿಯಲ್ಲೂ ಕುಸುಬಿ ಎಣ್ಣೆ ಸಿಗಲಿಲ್ಲ. ಕೊನೆಗೆ ಸುರಪುರದ ಲಾಡ್ಲೇಸಾಬನ ಎಣ್ಣೆಗಾಣಕ್ಕೆ ಹೋದರು. ಅಲ್ಲಿ ಗಾಣದೊಳಗೆ ಕೋಳಿ ಕಾವಿಗೆ ಕೂತಿತ್ತು.

"ಕುಸುಬಿ ಕಾಳು ತರ್ರಿ, ಈಗ ಹಿಂಡಿ ಕೊಡ್ತೀನಿ," ಎಂದ ಲಾಡ್ಲೇಸಾಬ. "ಕಾಲುವಿ ನೀರು ಬಂದ ವರ್ಷ ಕುಸುಬಿ ಬಿಟ್ಟು ನೆಲ್ಲು ಹಚ್ಚಿದವರೊಳಗ ನೀವ ಮೊದಲಿನವರಲ್ಲೇನ್ರಿ ಮಾಸ್ತರ?"

ಮಾಸ್ತರರಿಗೆ ನಾಚಿಕೆಯಾಯಿತು. ಆದರೆ ನಾಚಿಕೆ ಅವರಲ್ಲಿ ಬಹಳ ಹೊತ್ತು ನಿಲ್ಲುವ ಜಾತಿಯದಲ್ಲ. ಶಹಾಪುರ ಮುಟ್ಟುವುದರೊಳಗೆ ಅದು ಭಾಷಣವಾಗಿತ್ತು.

ಮನೆಗೆ ಬಂದರೆ ಅಂಗಳದ ತುಂಬ ಭಜಿಯ ಘಮ! ಮಲಕಮ್ಮ ನೆರೆಮನೆಯಿಂದ ಹಿಟ್ಟು ತಂದು, ಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದ ಅದೇ ತಾಳೆ ಎಣ್ಣೆಯಲ್ಲಿ ಕರಿದಿದ್ದಳು. ಮಾಸ್ತರರು ಖಾಲಿ ಡಬ್ಬಿ ಹಿಡಿದು ಬಂದು ಕೂತ ಬೀಗರ ನಡುವೆ ನಿಂತು, ಬರುವ ಹಿಂಗಾರಿಗೆ ಕಾಲುವೆ ಪಕ್ಕದ ತಮ್ಮ ಮೂರು ಎಕರೆಗೂ ಕುಸುಬಿ ಬಿತ್ತುವುದಾಗಿಯೂ, ಅಲ್ಲಿಯವರೆಗೆ ಭಜಿ ಮುಟ್ಟುವುದಿಲ್ಲವೆಂದೂ ಸಾರಿದರು. ಬೀಗತಿ ದುರಗಮ್ಮ ಅಂತೂ ತಿನ್ನುವುದು ಬಿಟ್ಟು ಕೈಮುಗಿದಳು.

ಮಲಕಮ್ಮ ಒಳಗೆ ಹೋಗಿ ಒಂದು ಕಾಗದವನ್ನೂ ಭೂತಗನ್ನಡಿಯನ್ನೂ ತಂದು ಗಂಡನ ಕೈಗಿಟ್ಟಳು.

"ಸಬ್ಸಿಡಿ ಆಫೀಸಿನವರು ಕೊಟ್ಟು ಹೋದ್ರು. ಆ ಮೂರು ಎಕರೆಗೆ ಸೋಮವಾರ ಸಸಿ ಬರ್ತಾವಂತ. ಬದುವಿನ ಬೇವಿನ ಗಿಡ ಎಲ್ಲಾ ಕಡಿಸ್ತೀನಂತ ನೀವ ಬರದು ಕೊಟ್ಟೀರಂತ."

"ಎಂಥ ಸಸಿ?"

"ತಾಳೆಣ್ಣಿ ಗಿಡ."

ಹೋದ ವರ್ಷ ಸ್ಟಾಫ್ ರೂಮಿನಲ್ಲಿ ಅರ್ಧ ಬೆಲೆಗೆ ಸಸಿ ಎಂದು ಯಾರೋ ಅಂದಾಗ ಓದದೆ ಸಹಿ ಹಾಕಿದ್ದು ಮಾಸ್ತರರಿಗೆ ಆಗ ನೆನಪಾಯಿತು. ಭೂತಗನ್ನಡಿ ಬೇಕಾಗಲಿಲ್ಲ. ಅಕ್ಷರಗಳು ದೊಡ್ಡವಾಗಿಯೇ ಇದ್ದವು, ಸಹಿ ಇನ್ನೂ ದೊಡ್ಡದಿತ್ತು. ನಲವತ್ತು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಲಕಮ್ಮ ಭಜಿಯ ತಟ್ಟೆಯನ್ನು ಗಂಡನ ಮುಂದಿಂದ ಮೆಲ್ಲಗೆ ಆಚೆ ಸರಿಸಿದಳು.

"ನಾಕು ವರ್ಷ ತಡೀರಿ, ಗಿಡ ಹಣ್ಣು ಬಿಡ್ಲಿ. ಮನಿ ಎಣ್ಣ್ಯಾಗ ಕರದು ಕೊಡ್ತೀನಿ."