ಓಡುವ ಜೀಪಿನ ಸಣ್ಣ ಲಿವರು

ಸರ್ಕಾರಿ ಜೀಪಿನ ಡ್ರೈವರನಿಗೆ ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅವೇ ಕೈಮಾಡಿ, ನಿಲ್ಲಿಸಿ, ಹತ್ತಿ ಕೂರುತ್ತವೆ. ಚಿಕ್ಕೋಡಿ ಕಡೆಯ ಒಂದು ದನದ ದವಾಖಾನೆಯ ಜೀಪನ್ನು ನಾನು ಹನ್ನೆರಡು ವರ್ಷ ಓಡಿಸಿದೆ. ಅದರ ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರು ಇತ್ತು. ಮಾಮೂಲಿಯಾಗಿ ಗಾಡಿಯನ್ನು ನೂಕುವುದು ಹಿಂದಿನ ಎರಡು ಗಾಲಿಗಳು. ಈ ಲಿವರು ಎಳೆದರೆ ಮುಂದಿನ ಎರಡೂ ಕೆಲಸಕ್ಕೆ ನಿಲ್ಲುತ್ತವೆ. ಗಾಡಿ ಓಡುತ್ತಿರುವಾಗಲೇ ಅದನ್ನು ಒಮ್ಮೆ ಹಾಕಿ ನೋಡಬೇಕು ಎಂಬುದು ನನ್ನ ಆಸೆಯಾಗಿತ್ತು. ಆಸೆ ಎಂದರೆ ಸಣ್ಣ ಮಾತಾಯಿತು, ಹಂಬಲ ಅನ್ನಿ.

ಮುಂದಿನ ಎರಡು

ಜೀಪು ಕೈಗೆ ಬಂದ ವರ್ಷ ನನಗೆ ಎರಡು ದಿನ ತರಬೇತಿ ಕೊಡಿಸಿದರು. ಕಲಿಸಿದವರು ಹೇಳಿದ್ದು ಇವತ್ತಿಗೂ ಬಾಯಿಪಾಠ. ಕೆಸರಿಗೆ ಇಳಿಯುವ ಮೊದಲೇ ಹಾಕಬೇಕು, ಸಿಕ್ಕಿಬಿದ್ದ ಮೇಲಲ್ಲ. ವೇಗ ಕಡಿಮೆ ಇರಬೇಕು, ಸ್ಟೇರಿಂಗ್ ನೆಟ್ಟಗಿರಬೇಕು, ಯಾವ ಗಾಲಿಯೂ ಜಾರಿ ಗಿರಗಿರ ತಿರುಗುತ್ತಿರಬಾರದು. ಎಕ್ಸಲೇಟರಿನಿಂದ ಕಾಲು ತೆಗೆದು, ಜಗ್ಗಾಡದೆ, ಲಿವರನ್ನು ಒಂದೇ ಹದದಲ್ಲಿ ಎಳೆಯಬೇಕು. ಒಣ ಡಾಂಬರಿನ ಮೇಲೆ ಹಾಕಲೇಬಾರದು. ಲಿವರನ್ನು ‘ಲೋ’ ಅಂತ ಬರೆದಲ್ಲಿಗೆ, ಅಂದರೆ ವೇಗ ಕಮ್ಮಿಯಾಗಿ ಬಲ ಹೆಚ್ಚುವ ಕಡೆಗೆ, ಒಯ್ಯುವುದಾದರೆ ಮಾತ್ರ ಗಾಡಿ ನಿಲ್ಲಿಸಬೇಕು.

ಊರಿಗೆ ಬಂದವನೇ ಇದನ್ನೆಲ್ಲ ನಮ್ಮ ಡಾಕ್ಟರ್ ಸಾಹೇಬರಿಗೆ ಒಪ್ಪಿಸಿದೆ. ಅವರು ಕೇಳಿದರು, “ಅಲ್ಲೋ, ಹಂಗಾರ ಇಷ್ಟ ದಿನಾ ಮುಂದಿನ ಎರಡ ಗಾಲಿ ಏನ್ ಮಾಡಾಕತ್ತಿದ್ದೂ?”

“ಸುಮ್ನ ಉರುಳ್ತಿದ್ದೂರಿ ಸಾಹೇಬ್ರ. ದುಡಿಯೂದೆಲ್ಲಾ ಹಿಂದಿನವು.”

ಸಾಹೇಬರು ಕಿಟಕಿಯಿಂದ ಹೊರಗೆ, ವರಾಂಡದಲ್ಲಿ ಚಹಾ ಕುಡಿಯುತ್ತ ನಿಂತಿದ್ದ ನಮ್ಮ ಸಿಬ್ಬಂದಿಯನ್ನು ಸ್ವಲ್ಪ ಹೊತ್ತು ನೋಡಿದರು.

“ಹಂಗಾರ ನಮ್ಮ ಆಫೀಸಿನ ಪದ್ಧತೀನ ಅನ್ನು. ನಡದೈತಿ, ನಡೀಲಿ. ಅವನ್ನ ಎಬ್ಬಸಾಕ ಹೋಗಬ್ಯಾಡ.”

ನಿಧಾನ ಮಾಡಿದ್ದೇ ತಪ್ಪು

ಆ ಸಾಹೇಬರು ಬಹಳ ವರ್ಷ ಇದ್ದರು. ಅಷ್ಟು ವರ್ಷವೂ ನಾನು ಆ ಲಿವರನ್ನು ಬಟ್ಟೆಯಿಂದ ಒರೆಸಿದ್ದೇ ಬಂತು. ಅವರಿಗೆ ವರ್ಗವಾಗಿ ಬೇರೆಯವರು ಬಂದ ಮೇಲೆ ಒಂದು ದಿನ ಸದಲಗಾ ಕಡೆ ಎಮ್ಮೆ ನೋಡಲು ಹೊರಟೆವು. ಕಬ್ಬಿಗೆ ಬಿಟ್ಟ ನೀರು ಹೊರಗೆ ಹರಿದು ಮುಂದೆ ಮಣ್ಣಿನ ದಾರಿಯೆಲ್ಲ ರಾಡಿಯಾಗಿತ್ತು. ದಾರಿ ನೆಟ್ಟಗಿತ್ತು. ಲಿವರಿಗೆ ಇದೇ ಸಮಯ ಅಂದುಕೊಂಡೆ. ಎಕ್ಸಲೇಟರಿನಿಂದ ಕಾಲು ತೆಗೆದೆ.

ನಮ್ಮ ಕಡೆ ಒಂದು ರೂಢಿ ಇದೆ. ಎರಡು ಊರುಗಳ ನಡುವೆ ಸರ್ಕಾರಿ ಜೀಪು ನಿಧಾನವಾಯಿತೆಂದರೆ, ಅದು ದಾರಿಯಲ್ಲಿ ನಿಂತವರನ್ನು ಹತ್ತಿಸಿಕೊಳ್ಳಲಿಕ್ಕೆ ಎಂದೇ ಲೆಕ್ಕ. ಬದುವಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ ಎದ್ದು ದಾರಿಗೆ ಅಡ್ಡ ಬಂದಳು. ಬ್ರೇಕ್ ಒತ್ತಿದೆ. ಅಜ್ಜಿ ಹತ್ತಿದಳು, ಅವಳ ಹಿಂದೆ ಒಂದು ಆಡು, ಆಡಿನ ಹಿಂದೆ ಅದರ ಮಾಲೀಕ. ಅಜ್ಜಿ ಬದನೆಕಾಯಿಯ ಬುಟ್ಟಿಯನ್ನು ಸರಿಯಾಗಿ ನನ್ನ ಸಣ್ಣ ಲಿವರಿನ ಮೇಲೆ ಇಟ್ಟಳು. ಹಿಂದೆ ಕೂತ ಸಾಹೇಬರು ಆಗಲೇ ಆಡಿನ ಬಾಯಿ ತೆರೆದು ನೋಡುತ್ತಿದ್ದರು.

“ಅಜ್ಜಿ, ಬುಟ್ಟಿ ತಗೀಬೇ,” ಎಂದೆ. “ಆ ಲಿವರ್ ಎಳಿಯೂದೈತಿ. ಭಾಳ ವರ್ಷದ ಆಸೆ.”

ಅಜ್ಜಿ ಕರುಣೆಯಿಂದಲೇ ಹೇಳಿದಳು, “ನಿನ್ನ ಲಿವರ್ ನಾಳಿಗೂ ಇರತೈತಿ ತಮ್ಮಾ. ನನ್ನ ಬದನೀಕಾಯಿ ಸಂತಿ ಇವತ್ತ ಐತಿ.”

ಬಸ್ಸಿನಲ್ಲಿ

ಅಥಣಿಯ ಒಂದು ಮದುವೆಗೆ ಹೆಂಡತಿಯ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದೆ. ರಸ್ತೆ ಅಗೆದಿದ್ದರಿಂದ ಬಸ್ಸು ಪಕ್ಕದ ಕೆಸರಿಗೆ ಇಳಿಯತೊಡಗಿತು. ನನಗೆ ಜೊಂಪು. ಕಾಲು ತಾನಾಗಿ ಮೇಲೆದ್ದಿತು, ಎಡಗೈ ತಾನಾಗಿ ಪಕ್ಕಕ್ಕೆ ಹೋಯಿತು. ಸಿಕ್ಕಿದ್ದು ಹೆಂಡತಿಯ ಮಣಿಕಟ್ಟು. ಕಲಿಸಿದಂತೆಯೇ, ಜಗ್ಗಾಡದೆ, ಒಂದೇ ಹದದಲ್ಲಿ ಎಳೆದೆ.

ಅವಳು ನನ್ನ ಮುಖ ನೋಡಿದಳು. “ಮದಿವ್ಯಾಗಿ ಇಪ್ಪತ್ತ ವರ್ಷಾತು. ಒಮ್ಮಿನೂ ಇಷ್ಟ ನಾಜೂಕ ಹಿಡದಾವರಲ್ಲ ನೀವು. ಖರೇ ಹೇಳ್ರಿ, ಮನಸಿನ್ಯಾಗ ಯಾರ ಅದಾರ?”

ನಿಜ ಹೇಳಿದೆ. ಅವಳು ಕೈ ಬಿಡಿಸಿಕೊಂಡು ಬಳೆ ಸರಿಮಾಡಿಕೊಂಡಳು. ಆಮೇಲೆ ಒಂದು ನಿಟ್ಟುಸಿರು ಬಿಟ್ಟಳು.

“ಹೆಂಗಸಾಗಿದ್ರ ಹೋಗಿ ಜಗಳಾರ ಆಡಿ ಬರತಿದ್ನಿ.”

ಕೊನೆಯ ಓಟ

ಜೀಪಿಗೆ ಹದಿನೈದು ತುಂಬಿತು. ಹದಿನೈದು ತುಂಬಿದ ಸರ್ಕಾರಿ ಗಾಡಿ ಗುಜರಿಗೆ ಹೋಗಬೇಕು. ಆದೇಶ ಬಂದ ದಿನ ನನಗೆ ಊಟ ಸೇರಲಿಲ್ಲ. ಬದಲಿ ಗಾಡಿ ಹೊಸದು, ತಣ್ಣನೆಯ ಗಾಳಿ ಬರುವಂಥದ್ದು. ಆದರೆ ಗೇರಿನ ಪಕ್ಕ ಬರಿಯ ನೀರಿನ ಬಾಟಲಿ ಇಡುವ ಗುಂಡಿ.

ಮೆಕ್ಯಾನಿಕ್ ಒಬ್ಬ ಬಂದು ಜೀಪಿನ ಸಾಮಾನುಗಳ ಪಟ್ಟಿ ಮಾಡಿ, ಡಾಕ್ಟರ್ ಮೇಡಂ ಕೈಗೆ ಕೊಟ್ಟು ಹೋದ. ಈ ಮೇಡಂ ಹೊಸದಾಗಿ ಬಂದವರು, ನನ್ನ ಮಗಳ ವಯಸ್ಸು. ನನ್ನ ಲಿವರಿನ ಹಂಬಲವನ್ನು ಅವರಿಗೂ ಹೇಳಿಕೊಂಡಿದ್ದೆ. ಮರುದಿನ ಮುಂಜಾನೆ ಕಾಗವಾಡ ಕಡೆಯಿಂದ ಫೋನ್ ಬಂತು, ಆಕಳಿಗೆ ಜ್ವರ ಎಂದು. ಮಳೆ ಹಿಡಿದಿತ್ತು. ಜೀಪಿನ ಕೊನೆಯ ಓಟ ಅದು. ದ್ರಾಕ್ಷಿ ತೋಟದ ಪಕ್ಕದ ಕಪ್ಪು ಮಣ್ಣಿನ ದಾರಿ ಕಾಣುತ್ತಲೇ ಮೇಡಂ ಹೇಳಿದರು, “ಕಾಕಾ, ಇವತ್ತ ಹಾಕೇಬಿಡ್ರಿ.”

ವೇಗ ಇಳಿಸಿದೆ. ಸ್ಟೇರಿಂಗ್ ನೆಟ್ಟಗಿಟ್ಟೆ. ಕಾಲು ತೆಗೆದೆ. ಪುಣ್ಯಕ್ಕೆ ದಾರಿಯಲ್ಲಿ ಯಾವ ಅಜ್ಜಿಯೂ ಇರಲಿಲ್ಲ. ಲಿವರು ಬೆಣ್ಣೆಯಲ್ಲಿ ಸರಿದಂತೆ ಸರಿಯಿತು. ಜೀಪು ಕೆಸರಿಗೆ ಇಳಿದು, ಒಮ್ಮೆ ಸೊಂಟ ತಿರುಗಿಸಿ, ಗುರ್ ಅಂತ ಆಚೆ ದಡಕ್ಕೆ ಹತ್ತಿತು. ಮೇಡಂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ಮಂಜಾಯಿತು. ವೈಪರ್ ಜೋರು ಮಾಡಿದೆ, ಮಂಜು ಹೋಗಲಿಲ್ಲ.

ಮರುದಿನ ಜೀಪು ಒಯ್ಯಲು ಮೆಕ್ಯಾನಿಕ್ ಬಂದ. ನಿನ್ನೆಯ ಸಾಹಸ ಹೇಳಿದೆ. ಅವನು ಪೂರ್ತಿ ಕೇಳಿ, ತಲೆ ಕೆರೆದುಕೊಂಡು, “ಕಾಕಾ, ಒಮ್ಮಿ ಕೆಳಗ ಬಗ್ಗಿ ನೋಡ್ರಿ” ಎಂದ. ಬಗ್ಗಿದೆ. “ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗೆ ಒಯ್ಯೂ ಶಾಫ್ಟ್ ಎಲ್ಲೈತಿ? ಇಲ್ಲ. ನಿಮ್ಮ ಕೈಗೆ ಬರೂ ಮೊದಲ ಯಾರೋ ಡೀಸೆಲ್ ಉಳಸಾಕ ಬಿಚ್ಚಿ ಇಟ್ಟಾರ. ಬರೇ ಲಿವರ್ ಐತಿ. ಎಳದ್ರೂ ಅಷ್ಟ, ಬಿಟ್ರೂ ಅಷ್ಟ.”

ಹನ್ನೆರಡು ವರ್ಷ! ಅಲ್ಲೇ ಮೆಟ್ಟಿಲ ಮೇಲೆ ಕೂತೆ. “ಮೇಡಂಗ ಹೇಳಬ್ಯಾಡಪಾ,” ಎಂದು ಕೈಮುಗಿದೆ.

“ಅವರಿಗೆ ಮೊನ್ನೆನ ಗೊತ್ತೈತ್ರಿ. ಪಟ್ಟ್ಯಾಗ ಬರದ ಕೊಟ್ಟೀನಲ್ಲಾ, ‘ಶಾಫ್ಟ್ ಇಲ್ಲ’ ಅಂತ.”

ಅಷ್ಟರಲ್ಲಿ ಮೇಡಂ ಹೊರಗೆ ಬಂದರು. ನನ್ನ ಮುಖ ನೋಡಿದರು, ಮೆಕ್ಯಾನಿಕ್‌ನ ಮುಖ ನೋಡಿದರು, ಕೆಸರು ಒಣಗಿದ ಮುಂದಿನ ಗಾಲಿಗಳನ್ನು ನೋಡಿದರು. ಆಮೇಲೆ ನಗದೆ, ಕಣ್ಣು ಮಿಟುಕಿಸದೆ ಕೇಳಿದರು, “ಖರೇ ಹೇಳ್ರಿ ಕಾಕಾ, ನಿನ್ನೆ ಮುಂದಿನವೂ ಎಳದೂ, ಹೌದಲ್ಲ?”

ನಾನು ಎದ್ದು ನಿಂತೆ.

“ಎಳದೂರಿ ಮೇಡಂ. ಎಡಗಡೇದು ಒಂಚೂರು ಜಾಸ್ತೀನ ಎಳೀತು.”