ಕೋಡಿ ಇಲ್ಲದ ಸಮುದ್ರ

ನಾಗರಿಕತೆಗಳೆಲ್ಲ ನೀರಿನ ದಂಡೆಯಲ್ಲೇ ಹುಟ್ಟಿದವೆಂದು ಬಲ್ಲವರು ಹೇಳುತ್ತಾರೆ. ನಮ್ಮ ದೊಡ್ಡಪ್ಪನವರೂ ನೀರಿನ ದಂಡೆಯಲ್ಲೇ ಹುಟ್ಟಿದವರು. ಆದ್ದರಿಂದ ಬಲ್ಲವರ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ.

ಅವರ ಊರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಹೆಸರಿನಲ್ಲಿ ಸಮುದ್ರ, ಊರಿನಲ್ಲಿರುವುದು ಒಂದು ಹಳೆಯ ಕೆರೆ, ಕೆರೆಯಲ್ಲಿ ನೀರಿರುವುದು ಮಳೆರಾಯನ ಮರ್ಜಿ! ಆದರೂ ಏರಿಯ ಪಕ್ಕದ ತಮ್ಮ ಮನೆಯ ಬಾಗಿಲ ಮೇಲೆ ದೊಡ್ಡಪ್ಪ ನೀಲಿ ಬಣ್ಣದಲ್ಲಿ 'ಸಮುದ್ರತೀರ' ಎಂದು ಬರೆಸಿದ್ದರು. ಸಂಜೆ ಜಗಲಿಯಲ್ಲಿ ಕೂತು ಎದೆ ತುಂಬ ಉಸಿರೆಳೆದು, "ಸಮುದ್ರದ ಗಾಳಿ ಕಣಯ್ಯಾ, ಶ್ವಾಸಕೋಶಕ್ಕೆ ಒಳ್ಳೇದು" ಎನ್ನುತ್ತಿದ್ದರು. ಗಾಳಿ ಬರುತ್ತಿದ್ದದ್ದು ಪಕ್ಕದ ಟೊಮೇಟೊ ತೋಟದಿಂದ, ಹೊಡೆದ ಔಷಧಿಯ ವಾಸನೆಯ ಸಮೇತ.

ಅವರಿಗೆ ಒಬ್ಬಳೇ ತಂಗಿ, ಅಂದರೆ ನಮ್ಮ ಅತ್ತೆ. ತಾಯಿ ಬೇಗ ತೀರಿಕೊಂಡದ್ದರಿಂದ ಅತ್ತೆಗೆ ಜಡೆ ಹೆಣೆದವರೂ ದೊಡ್ಡಪ್ಪನೇ. ಅದು ಜಡೆಯಲ್ಲ, ಎತ್ತು ಕಟ್ಟುವ ಹಗ್ಗವಾಗಿರುತ್ತಿತ್ತೆಂದು ಅತ್ತೆಯ ಹಳೆಯ ದೂರು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅತ್ತೆಯನ್ನು ನೋಡಲು ಮದರಾಸಿನಿಂದ ಗಂಡಿನ ಕಡೆಯವರು ಬಂದರು. ಅವರ ಮನೆ ನಿಜವಾಗಿಯೂ ಕಡಲ ದಂಡೆಯಲ್ಲಿತ್ತು. ಗಂಡಿನ ತಂದೆ ಬಾಗಿಲ ಮೇಲಿನ ಬೋರ್ಡು ಓದಿಕೊಂಡು, ಕುತೂಹಲದಿಂದ ಏರಿ ಹತ್ತಿ ನೋಡಿದರು.

"ಸಮುದ್ರ ಎಲ್ರೀ?"

"ಇದೇ ಸ್ವಾಮಿ. ಬೇಸಿಗೇಲಿ ಸ್ವಲ್ಪ ಒಳಗೆ ಹೋಗಿರ್ತದೆ."

"ಮೇಕೆ ಮೇಯ್ತಾ ಇವೆಯಲ್ರೀ!"

"ನಿಮ್ಮ ಸಮುದ್ರದಲ್ಲಿ ಮೀನು ಮೇಯಲ್ವೇ?"

ಇಂಥ ಮನೆಯಿಂದ ಹೆಣ್ಣು ತಂದರೆ ಮಾತಿಗೇನೂ ಬರವಿರುವುದಿಲ್ಲ ಎಂದುಕೊಂಡರೋ ಏನೋ, ಮದುವೆ ನಿಶ್ಚಯವಾಯಿತು.

ತಂಗಿಯ ಸಂಸಾರ ನೋಡಲು ದೊಡ್ಡಪ್ಪ ಮದರಾಸಿಗೆ ಹೋದರು. ಪಂಚೆ ಎತ್ತಿ ಕಟ್ಟಿ ಬಂಗಾಳ ಕೊಲ್ಲಿಗಿಳಿದು, ಆಚಮನದ ಗಾಂಭೀರ್ಯದಿಂದ ಒಂದು ಗುಟುಕು ಕುಡಿದರು. ಅಷ್ಟೇ ಗಾಂಭೀರ್ಯದಿಂದ ಉಗುಳಿದರು. ಆಮೇಲೆ ದಂಡೆಯ ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿ ಕೇಳಿದರು:

"ಇದರ ತೂಬು ಎಲ್ಲಮ್ಮಾ?"

"ಸಮುದ್ರಕ್ಕೆ ತೂಬು ಇರಲ್ಲ ಅಣ್ಣಯ್ಯ."

"ಕೋಡಿ?"

"ಅದೂ ಇರಲ್ಲ."

"ಮತ್ತೆ ತುಂಬಿ ಹೆಚ್ಚಾದ ನೀರು ಎಲ್ಲಿಗೆ ಹೋಗ್ತದೆ?"

ಅತ್ತೆ ಮರಳಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದೊಡ್ಡಪ್ಪ ನಗಲಿಲ್ಲ. "ಕೋಡಿ ಇಲ್ಲದ ನೀರಿನ ಪಕ್ಕ ಮನೆ ಮಾಡಬಾರದು" ಎಂದರು. ಆಮೇಲೆ ವರ್ಷಗಟ್ಟಲೆ, ಫೋನು ಮಾಡಿದಾಗಲೆಲ್ಲ, ಕ್ಷೇಮಸಮಾಚಾರ ಮುಗಿದ ಮೇಲೆ ಅದನ್ನೇ ಹೇಳುತ್ತಿದ್ದರು. ಅತ್ತೆಯೂ ತಪ್ಪದೆ ನಗುತ್ತಿದ್ದರು.

ಎರಡು ಸಾವಿರದ ನಾಲ್ಕರ ಕೊನೆಯಲ್ಲಿ, ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆಂಬುದು ಲೋಕಕ್ಕೆಲ್ಲ ತಿಳಿಯಿತು. ಅತ್ತೆಯ ಬೀದಿಯ ತುದಿಯವರೆಗೆ ಬಂದ ನೀರು ಹಿಂದಿರುಗಿತು. ಎಲ್ಲರೂ ಉಸಿರು ಬಿಟ್ಟೆವು. ಕೆಲವೇ ದಿನಗಳಲ್ಲಿ ಟೀವಿ ಮತ್ತೆ ಕೂಗಿಕೊಂಡಿತು: ಇನ್ನೊಂದು ಅಲೆ ಬರಬಹುದು, ಸಮುದ್ರತೀರದ ಜನ ಎತ್ತರದ ಜಾಗಕ್ಕೆ ಹೋಗಬೇಕು!

ಮನೆಯ ಫೋನಿನಲ್ಲಿ ಅತ್ತೆಯ ನಂಬರು ಒತ್ತಿದರೆ, ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ ಎಂದು ಒಬ್ಬ ಹೆಂಗಸು ಬಲು ಸಂತೋಷದಿಂದ ಹೇಳುತ್ತಿದ್ದಳು. ಬೆಳಗಿನಿಂದ ಅದನ್ನೇ ಕೇಳಿ ಕೇಳಿ ದೊಡ್ಡಪ್ಪ ಎದ್ದರು, ಚಪ್ಪಲಿ ಮೆಟ್ಟಿದರು, ಕೊಡೆ ಹಿಡಿದರು.

"ಎಲ್ಲಿಗೆ ಹೊರಟ್ರಿ?" ಎಂದರು ದೊಡ್ಡಮ್ಮ.

"ಟೀವೀಲಿ ಹೇಳಿದ್ದು ಕೇಳಿಸ್ಲಿಲ್ವೇನೇ? ಸಮುದ್ರತೀರದವರು ಎತ್ತರಕ್ಕೆ ಹೋಗಬೇಕಂತೆ. ಗುಡ್ಡಕ್ಕೆ ಹೋಗ್ತೀನಿ."

"ಅಯ್ಯೋ ರಾಮ! ಇವರಿಗೆ ಪಿಚ್ಚಿ ಹಿಡೀತು ಕಣೋ. ಹಿಂದೇನೇ ಹೋಗೋ!" ಎಂದು ದೊಡ್ಡಮ್ಮ, ಕೋಲಾರದಿಂದ ರಜೆಯ ಮೇಲೆ ಬಂದಿದ್ದ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು ಓಡಿಸಿದರು.

ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಒಣಗಿದ ಕೆರೆಯಂಗಳದಿಂದ ಮೇಕೆ ಕಾಯುವವನೊಬ್ಬ ಕೂಗಿದ:

"ಏಮಿ ಸಾಮೀ, ಅಲೆ ಬತ್ತದಾ? ಮೇಕೆ ಹೊಡ್ಕೊಂಡು ನಾನೂ ಬರ್ಲಾ?"

"ಬಾರಪ್ಪಾ, ಮೇಲೆ ಬೇಕಾದಷ್ಟು ಜಾಗ ಇದೆ!"

ಕೆರೆಯಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ಅರವತ್ತು ದಾಟಿದ ಮನುಷ್ಯ ಬಂಡೆಬಂಡೆಗೂ ಕೂತು, ಏದುಸಿರು ಬಿಡುತ್ತ, ಬೇಡವೆಂದರೂ ಕೇಳದೆ ಗುಡ್ಡದ ನೆತ್ತಿ ಮುಟ್ಟಿದರು. ಅಲ್ಲಿ ನಿಂತು ಸೊಂಟದಿಂದ ತೆಗೆದದ್ದೇನು? ನನ್ನ ಮೊಬೈಲು! ಈ ಊರಲ್ಲಿ ಗುಡ್ಡ ಹತ್ತದೆ ಸಿಗ್ನಲ್ ಸಿಗುವುದಿಲ್ಲವೆಂದು ಹಿಂದಿನ ದಿನ ನಾನೇ ಗೊಣಗಿದ್ದೆ.

ಅದನ್ನು ನನ್ನ ಕೈಗಿಟ್ಟರು. "ಒತ್ತಿ ಕೊಡೋ" ಎಂದರು. ಒತ್ತಿದೆ. ಸಿಗಲಿಲ್ಲ. ಮತ್ತೆ ಒತ್ತಿದೆ. ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಆ ಕಡೆ ಗಂಟೆ ಹೊಡೆಯಿತು. ಅತ್ತೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಅಮ್ಮಾಯಿ, ಎಲ್ಲಿದೀಯಾ?"

"ತಾರಸಿ ಮೇಲೆ ಅಣ್ಣಯ್ಯ. ಬೀದಿಯವರೆಲ್ಲ ಇಲ್ಲೇ ಇದೀವಿ. ನೀನೆಲ್ಲಿದೀಯಾ? ಅದೇನು ಅಷ್ಟೊಂದು ಗಾಳಿ?"

"ಸಮುದ್ರದ ಗಾಳಿ" ಎಂದರು ದೊಡ್ಡಪ್ಪ. ಆಮೇಲೆ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. "ಇಲ್ಲಿಗೆ ಬಂದುಬಿಡಮ್ಮಾ. ನಮ್ಮದಕ್ಕೆ ಕೋಡಿ ಇದೆ."

ಈ ಸಲ ಅತ್ತೆ ನಗಲಿಲ್ಲ.

ಎರಡನೆಯ ಅಲೆ ಬರಲಿಲ್ಲ. ಅತ್ತೆ ಮಾರನೆಯ ದಿನ ಗಂಡನೊಡನೆ ಬಂದು, ಸಂಕ್ರಾಂತಿ ಮುಗಿಸಿಕೊಂಡು ಹೋದರು.